ಯೂಟ್ಯೂಬ್ ನೋಡಿ ಏನು ಕಲಿಯಬಹುದು, ಏನು ಕಲಿಯಲು ಆಗುವುದಿಲ್ಲ?

2025ರ ಜುಲೈ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನೀರಜ್ ಚೋಪ್ರಾ ಹೆಸರಿನ ಜಾವೆಲಿನ್ ಕೂಟ ನಡೆಯಿತು. 86.18 ಮೀಟರ್ ಎಸೆದು ನೀರಜ್ ಗೆದ್ದರು. ಜನ ಬಂದಿದ್ದೇ ಅವರನ್ನು ನೋಡಲು. ಆದರೆ ಅಂದು 84.51 ಮೀಟರ್ ಎಸೆದು ಎರಡನೆಯವರಾದ ಕೆನ್ಯಾದ ಜೂಲಿಯಸ್ ಯೇಗೊ ಅವರ ಕಥೆ ಇನ್ನೂ ಜಾಸ್ತಿ ಜನರಿಗೆ ಗೊತ್ತಾಗಬೇಕು. ಮೊಬೈಲ್ ಮುಂದೆ ಇಟ್ಟುಕೊಂಡು ಏನಾದರೂ ಕಲಿಯಬೇಕು ಅಂತ ಕೂತಿರುವ ಎಲ್ಲರಿಗೂ ಅದರಲ್ಲಿ ಪಾಠವಿದೆ.

ಕೆನ್ಯಾ ಎಂದರೆ ದೂರದ ಓಟ. ಯೇಗೊ ಹುಟ್ಟಿದ ನಂದಿ ಎಂಬ ಪ್ರದೇಶವಂತೂ ಓಟಗಾರರ ಊರು. ಅಲ್ಲಿ ಜಾವೆಲಿನ್ ಹೇಳಿಕೊಡುವ ಕೋಚ್ ಇರಲಿಲ್ಲ. ಈ ಹುಡುಗ ಸೈಬರ್ ಕೆಫೆಗೆ ಹೋಗಿ ಯೂಟ್ಯೂಬಿನಲ್ಲಿ ಝೆಕ್ ದೇಶದ ಯಾನ್ ಝೆಲೆಜ್ನಿ, ನಾರ್ವೆಯ ಆಂಡ್ರಿಯಾಸ್ ಥಾರ್ಕಿಲ್ಡ್‌ಸೆನ್ ಎಸೆಯುವುದನ್ನು ನೋಡುತ್ತಿದ್ದರು. 2011ರಲ್ಲಿ ಆಲ್ ಆಫ್ರಿಕಾ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. 2015ರಲ್ಲಿ ಬೀಜಿಂಗ್‌ನಲ್ಲಿ 92.72 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆದರು. ಅಲ್ಲಿಯವರೆಗೆ ಟ್ರ್ಯಾಕಿನಲ್ಲಿ ಚಿನ್ನದ ರಾಶಿ ಹಾಕಿದ್ದ ಕೆನ್ಯಾಕ್ಕೆ ಎಸೆತ-ಜಿಗಿತದ ಸ್ಪರ್ಧೆಯಲ್ಲಿ ಅದೇ ಮೊದಲ ವಿಶ್ವ ಚಿನ್ನ. ಮರುವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. ಅವರಿಗೆ 'ಮಿಸ್ಟರ್ ಯೂಟ್ಯೂಬ್' ಎಂಬ ಹೆಸರೇ ಬಿತ್ತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಯೂಟ್ಯೂಬ್ ನೋಡಿ ವಿಶ್ವ ಚಾಂಪಿಯನ್ ಆದರು, ನೀವೂ ಆಗಬಹುದು ಅಂತ. ಎರಡು ಸಂಗತಿ ಬಿಟ್ಟು ಹೋಗುತ್ತವೆ. ಒಂದು, ಯೇಗೊ ವಿಡಿಯೊ ನೋಡಿ ಮನೆಗೆ ಹೋಗಿ ಮಲಗಲಿಲ್ಲ, ಮೈದಾನಕ್ಕೆ ಹೋದರು. ಅಲ್ಲಿ ಪ್ರತಿ ಎಸೆತಕ್ಕೂ ಉತ್ತರ ಸಿಗುತ್ತಿತ್ತು. ಈಟಿ ಎಲ್ಲಿ ಬಿತ್ತು, ಹೇಗೆ ಬಿತ್ತು, ಟೇಪು ಎಷ್ಟು ತೋರಿಸಿತು ಎಂಬುದರಲ್ಲಿ ಸುಳ್ಳಿಗೆ ಜಾಗವಿಲ್ಲ. ಎರಡು, 2011ರ ಗೆಲುವಿನ ನಂತರ ಅವರು ಫಿನ್ಲೆಂಡಿನ ಕುವಾರ್ಟಾನೆ ತರಬೇತಿ ಕೇಂದ್ರಕ್ಕೆ ಹೋಗಿ ಒಬ್ಬ ಕೋಚ್ ಕೈಕೆಳಗೆ ಅಭ್ಯಾಸ ಮಾಡಿದರು. ನೀರಜ್ ಕೂಡ ಶುರುವಿನಲ್ಲಿ ಝೆಲೆಜ್ನಿಯ ವಿಡಿಯೊಗಳನ್ನು ನೋಡಿದವರೇ. ಆದರೂ 2024ರ ಕೊನೆಯಲ್ಲಿ ಅದೇ ಝೆಲೆಜ್ನಿಯವರನ್ನೇ ಕೋಚ್ ಮಾಡಿಕೊಂಡರು. ವಿಡಿಯೊ ಸಾಕಾಗಿದ್ದರೆ ಇದರ ಅಗತ್ಯವೇ ಇರುತ್ತಿರಲಿಲ್ಲ, ಅಲ್ವಾ?

ಹಾಗಾದರೆ ಸೋಶಿಯಲ್ ಮೀಡಿಯಾದಿಂದ ಸ್ವಂತವಾಗಿ ಕಲಿಯುವುದು ಎಲ್ಲಿಯವರೆಗೆ ಕೆಲಸ ಮಾಡುತ್ತದೆ? ನನ್ನ ಪ್ರಕಾರ ಇದಕ್ಕೆ ಒಂದೇ ಪರೀಕ್ಷೆ ಸಾಕು. ನೀವು ತಪ್ಪು ಮಾಡಿದಾಗ ನಿಮಗೆ ಅದನ್ನು ಹೇಳುವವರು ಯಾರು? ಕೆಲಸವೇ ಹೇಳುತ್ತದೆ ಎಂದಾದರೆ ಧೈರ್ಯವಾಗಿ ಮುಂದುವರಿಯಿರಿ. ಬೇರೆ ಮನುಷ್ಯರು ಹೇಳಬೇಕು ಎಂದಾದರೆ ಮೊದಲು ಅವರನ್ನು ಹುಡುಕಿಕೊಳ್ಳಿ. ಯಾರೂ ಹೇಳುವುದಿಲ್ಲ ಎಂದಾದರೆ ಅಲ್ಲಿ ಅಪಾಯವಿದೆ.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ನೋಡುವುದು ಯಾಕೆ ಸಾಲುವುದಿಲ್ಲ ಎಂಬುದರಿಂದ ಶುರು ಮಾಡಬೇಕು. ಶಿಕಾಗೊ ವಿಶ್ವವಿದ್ಯಾಲಯದ ಮೈಕಲ್ ಕಾರ್ಡಸ್ ಮತ್ತು ಎಡ್ ಒಬ್ರಿಯನ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೇಜಿನ ಮೇಲೆ ತಟ್ಟೆ ಲೋಟಗಳನ್ನು ಇಟ್ಟು, ಕೆಳಗಿನ ಬಟ್ಟೆಯನ್ನು ಸರಕ್ಕನೆ ಎಳೆಯುವ ಆಟ ಗೊತ್ತಲ್ಲ, ಅದರ ವಿಡಿಯೊವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಿದರು. ಹೆಚ್ಚು ಸಲ ನೋಡಿದವರಿಗೆ 'ಇದು ನನಗೂ ಆಗುತ್ತದೆ' ಎಂಬ ನಂಬಿಕೆ ಹೆಚ್ಚಾಯಿತು. ಡಾರ್ಟ್ಸ್ ಎಸೆಯುವುದನ್ನು, ಮೂನ್‌ವಾಕ್ ಕುಣಿತವನ್ನು ಕೂಡ ಹೀಗೆಯೇ ತೋರಿಸಿ, ಆಮೇಲೆ ನಿಜವಾಗಿ ಮಾಡಿಸಿದರು. ನಂಬಿಕೆ ಏರಿತ್ತು, ಕೈಗುಣ ಏರಿರಲಿಲ್ಲ. 20 ಸಲ ನೋಡಿದವರೂ ಒಂದೇ ಸಲ ನೋಡಿದವರೂ ಮಾಡಿದ್ದು ಹೆಚ್ಚು ಕಡಿಮೆ ಒಂದೇ.

ಈ ಅಧ್ಯಯನದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇನ್ನೊಂದು. ಕೈಯಲ್ಲಿ ಪಿನ್‌ಗಳನ್ನು ಹಾರಿಸಿ ಹಿಡಿಯುವ ಆಟದ ವಿಡಿಯೊ ನೋಡಿದ ಮೇಲೆ ಕೆಲವರ ಕೈಗೆ ಆ ಪಿನ್‌ಗಳನ್ನು ಒಂದು ಗಳಿಗೆ ಕೊಟ್ಟರು. ಎಸೆಯಲು ಬಿಡಲಿಲ್ಲ, ಹಿಡಿದು ನೋಡಲು ಮಾತ್ರ. ಅಷ್ಟಕ್ಕೇ ಅವರ ಅತಿಯಾದ ನಂಬಿಕೆ ಇಳಿಯಿತು. ವಸ್ತುವಿನ ತೂಕ ಕೈಗೆ ತಗುಲಿದೊಡನೆ ತನಗೆ ಎಷ್ಟು ಗೊತ್ತಿಲ್ಲ ಎಂಬುದು ಗೊತ್ತಾಯಿತು. ವಿಡಿಯೊದಲ್ಲಿ ಕಾಣುವುದು ಹೆಜ್ಜೆಗಳು. ಕೈಗೆ ಬೇಕಾದ ಒತ್ತಡ, ವೇಗ, ಹದ ಯಾವುದೂ ಕಣ್ಣಿಗೆ ಕಾಣುವುದಿಲ್ಲ.

ಓದಿನ ವಿಷಯದಲ್ಲೂ ಹೀಗೆಯೇ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಒಂದು ಗುಂಪು ಅದನ್ನೇ ಮತ್ತೊಮ್ಮೆ ಓದಿತು. ಇನ್ನೊಂದು ಗುಂಪು ಪಾಠ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಚಿತ್ರ ತಿರುಗಿತು. ಬರೆದು ನೋಡಿದವರಿಗೆ ಶೇ 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ 42ರಷ್ಟು. ಒಂದೇ ವಿಷಯದ ಮೇಲೆ ಸಾಲುಸಾಲಾಗಿ ವಿಡಿಯೊ ನೋಡಿದಾಗ ತಲೆ ತುಂಬಿದಂತೆ ಅನಿಸುತ್ತದಲ್ಲ, ಆ ಅನಿಸಿಕೆ ಆ ಐದು ನಿಮಿಷದ್ದು. ಹಾಗಾಗಿ ವಿಡಿಯೊ ಮುಗಿದ ಕೂಡಲೇ ಮುಂದಿನದಕ್ಕೆ ಹೋಗದೆ, ಈಗ ನೋಡಿದ್ದನ್ನು ಒಂದು ಹಾಳೆಯಲ್ಲಿ ನಿಮ್ಮ ಮಾತಿನಲ್ಲಿ ಬರೆದು ನೋಡಿ. ಎಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿಗೆ ವಾಪಸು ಹೋಗಿ. ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಈಗ ಕೆಲಸವೇ ತಪ್ಪು ಹೇಳುವ ಜಾಗಗಳಿಗೆ ಬರೋಣ. ಬ್ಲೌಸ್ ಹೊಲಿಯುವುದನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಬ್ಲೌಸ್ ಕಟಿಂಗ್ ವಿಡಿಯೊಗಳಿಗೆ ಬರವಿಲ್ಲ. ಸೀರೆ ಕುಚ್ಚು, ಆರಿ ವರ್ಕ್ ವಿಡಿಯೊಗಳೂ ಹಾಗೆಯೇ. ಮನೆಯಲ್ಲೇ ಕೂತು ಇವುಗಳಿಂದ ಕಲಿತು ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳು ನಮ್ಮ ಬೀದಿಬೀದಿಗಳಲ್ಲಿದ್ದಾರೆ. ಇಲ್ಲಿ ಕಲಿಕೆ ಗಟ್ಟಿಯಾಗಲು ಕಾರಣ ಸರಳ. ಹೊಲಿದ ಬ್ಲೌಸ್ ತೊಟ್ಟು ನೋಡಿದಾಗ ಕಂಕುಳ ಹತ್ತಿರ ಎಳೆಯುತ್ತದೆ, ಇಲ್ಲವೇ ಭುಜದಿಂದ ಜಾರುತ್ತದೆ. ತಪ್ಪು ಎಲ್ಲಿದೆ ಎಂದು ಬಟ್ಟೆಯೇ ತೋರಿಸುತ್ತದೆ. ಹೊಲಿಗೆ ಬಿಚ್ಚಬೇಕು, ಮತ್ತೆ ಅದೇ ವಿಡಿಯೊದ ಅದೇ ನಿಮಿಷಕ್ಕೆ ಹೋಗಬೇಕು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದೂ ಹೀಗೆಯೇ. ತಪ್ಪಿದ್ದರೆ ಓಡುವುದೇ ಇಲ್ಲ, ಇಲ್ಲವೇ ತಪ್ಪು ಉತ್ತರ ಕೊಡುತ್ತದೆ. ಟೈಪಿಂಗ್, ಅಡುಗೆ, ಸೈಕಲ್ ರಿಪೇರಿ, ಸ್ಪ್ರೆಡ್‌ಶೀಟ್ ಎಲ್ಲವೂ ಈ ಸಾಲಿಗೆ ಸೇರುತ್ತವೆ.

ಇಂಥ ಕೆಲಸಗಳಲ್ಲೂ ವಿಡಿಯೊ ಆರಿಸಿಕೊಳ್ಳುವಾಗ ಒಂದು ಗುರುತು ನೋಡಿ. ಒಳ್ಳೆಯದಾಗಿ ಕಲಿಸುವವರು ಹೇಗೆ ಮಾಡಬೇಕು ಎಂದು ಹೇಳಿ ಸುಮ್ಮನಾಗುವುದಿಲ್ಲ, ತಪ್ಪಿದೆಯೇ ಎಂದು ತಿಳಿಯುವುದು ಹೇಗೆ ಎಂದೂ ಹೇಳುತ್ತಾರೆ. ಅಡಿಕೆ ತೋಟದವರಿಗೆ ಬೋರ್ಡೋ ದ್ರಾವಣ ಗೊತ್ತು. ಕೊಳೆರೋಗಕ್ಕೆ ಹೊಡೆಯುವುದು. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, 100 ಲೀಟರ್ ನೀರು ಎಂದು ಯಾರು ಬೇಕಾದರೂ ಹೇಳಿಬಿಡಬಹುದು. ಅನುಭವಿಗಳು ಅದರ ಜೊತೆಗೆ ಇನ್ನೊಂದು ಮಾತು ಹೇಳುತ್ತಾರೆ. ದ್ರಾವಣದಲ್ಲಿ ಹೊಳಪಿರುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ, ಅದರ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಸುಣ್ಣ ಕಡಿಮೆಯಾದರೆ ಉಳಿದ ತಾಮ್ರ ಗಿಡವನ್ನೇ ಸುಡುತ್ತದೆ. ಈ ಕತ್ತಿಯ ಪರೀಕ್ಷೆ ಹೇಳಿಕೊಡದ ವಿಡಿಯೊ ಅರ್ಧ ಪಾಠ. ಎಷ್ಟು ಲಕ್ಷ ಜನ ನೋಡಿದ್ದಾರೆ ಎಂಬುದಕ್ಕಿಂತ ಇದು ನಂಬಬಹುದಾದ ಗುರುತು.

ಇನ್ನು ತಪ್ಪು ಮಾಡಿದರೂ ಗೊತ್ತಾಗದ ಜಾಗಗಳು. ತೀರ್ಮಾನಗಳ ಬಗ್ಗೆ ಬಹಳ ವರ್ಷ ಸಂಶೋಧನೆ ಮಾಡಿದ ಮನೋವಿಜ್ಞಾನಿ ರಾಬಿನ್ ಹೊಗಾರ್ತ್ ಒಂದು ಉದಾಹರಣೆ ಕೊಡುತ್ತಿದ್ದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್‌ನ ಒಬ್ಬ ವೈದ್ಯರು ಟೈಫಾಯ್ಡ್ ಯಾರಿಗೆ ಬರುತ್ತದೆ ಎಂದು ಮೊದಲೇ ಹೇಳುವುದರಲ್ಲಿ ಪ್ರಸಿದ್ಧರು. ರೋಗಿಯ ನಾಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಅವರು ಹೇಳಿದ್ದು ಮತ್ತೆ ಮತ್ತೆ ನಿಜವಾಗುತ್ತಿತ್ತು. ಯಾಕೆಂದರೆ ಕೈ ತೊಳೆಯದೆ ಒಬ್ಬರ ನಾಲಿಗೆಯಿಂದ ಇನ್ನೊಬ್ಬರ ನಾಲಿಗೆಗೆ ಆ ರೋಗವನ್ನು ದಾಟಿಸುತ್ತಿದ್ದವರು ಅವರೇ! ಪ್ರತಿ ಸಲವೂ 'ನಾನು ಸರಿ' ಎಂಬ ಉತ್ತರ ಸಿಗುತ್ತಿತ್ತು, ಅದು ತಪ್ಪು ಉತ್ತರವಾಗಿತ್ತು. ಇಂಥ ಕಡೆ ಅನುಭವ ಹೆಚ್ಚಾದಷ್ಟೂ ತಪ್ಪು ಗಟ್ಟಿಯಾಗುತ್ತದೆ.

ಮೊಬೈಲಿನಲ್ಲಿ ಬರುವ ಮನೆಮದ್ದುಗಳ ಕಷ್ಟ ಇದೇ. ನೆಗಡಿ, ಬೇಧಿ, ಸೊಂಟನೋವು ಬಹಳಷ್ಟು ಸಲ ತಾವಾಗಿಯೇ ಇಳಿಯುತ್ತವೆ. ಆ ಹೊತ್ತಿಗೆ ಏನು ಕುಡಿದಿದ್ದರೂ ಕ್ರೆಡಿಟ್ ಅದಕ್ಕೇ ಹೋಗುತ್ತದೆ. ಅದನ್ನೇ ನಂಬಿ ಶುಗರ್ ಮಾತ್ರೆ ಬಿಟ್ಟರೆ ಬಹಳಷ್ಟು ಸಲ ದೇಹ ಕೂಡಲೇ ಏನೂ ಹೇಳುವುದಿಲ್ಲ. ವರ್ಷಗಳ ನಂತರ ಕಣ್ಣು, ಕಿಡ್ನಿ ಹೇಳುತ್ತವೆ. ದೇಹ ಹೇಗೆ ಕೆಲಸ ಮಾಡುತ್ತದೆ, ವೈದ್ಯರ ಹತ್ತಿರ ಏನು ಕೇಳಬೇಕು ಎಂದು ವಿಡಿಯೊದಿಂದ ಖಂಡಿತ ಕಲಿಯಿರಿ. ಮದ್ದನ್ನು ಮಾತ್ರ ಅಲ್ಲಿಂದ ಕಲಿಯಬೇಡಿ.

ಷೇರು ಪೇಟೆಯೂ ಹೀಗೇ ಮೋಸ ಮಾಡುತ್ತದೆ. ಮಾರುಕಟ್ಟೆ ಏರುತ್ತಿರುವಾಗ ಕಣ್ಣು ಮುಚ್ಚಿ ಕೊಂಡವರಿಗೂ ಲಾಭ ಬರುತ್ತದೆ, ಅದೃಷ್ಟವೇ ಜಾಣತನದಂತೆ ಕಾಣುತ್ತದೆ. ಷೇರು ಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಅಧ್ಯಯನದ ಪ್ರಕಾರ, ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಬೆಲೆ ಮುಂದೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಹಣ ಹಾಕುವ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ 93 ಮಂದಿ ಮೂರು ಆರ್ಥಿಕ ವರ್ಷಗಳಲ್ಲಿ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ. ಇದು ನಮ್ಮ ನಿಮ್ಮಂಥವರ ಸಂಬಳದ, ಒಡವೆಯ, ಸಾಲದ ಹಣ. ಷೇರು ಪೇಟೆಯ ಪಾಠ ಹೇಳುವ ಹೆಸರಿನಲ್ಲಿ ಟಿಪ್ಸ್ ಕೊಡುವವರನ್ನು ತಡೆಯಲು ಸೆಬಿ 2025ರ ಜನವರಿಯಲ್ಲಿ ಇನ್ನೊಂದು ನಿಯಮ ತಂದಿತು. ಬರೀ ಶಿಕ್ಷಣ ಕೊಡುವವರು ಹಿಂದಿನ ಮೂರು ತಿಂಗಳ ಷೇರು ಬೆಲೆಯನ್ನು ಪಾಠದಲ್ಲಿ ಬಳಸುವಂತಿಲ್ಲ ಎಂದು ಅದು ಹೇಳಿತ್ತು. ಇದರಿಂದ ನೋಡುಗರಿಗೂ ಒಂದು ಅಳತೆಗೋಲು ಸಿಕ್ಕಿತು. ಇವತ್ತಿನ ಬೆಲೆ ತೋರಿಸಿ 'ಕಲಿಸುತ್ತೇನೆ' ಎನ್ನುವ ವಿಡಿಯೊ ಕಂಡರೆ ಮುಚ್ಚಿಬಿಡಿ.

ಕೆಲಸವೇ ತಪ್ಪು ಹೇಳುವ ಜಾಗ, ಯಾರೂ ಹೇಳದ ಜಾಗ, ಈ ಎರಡರ ನಡುವೆ ದೊಡ್ಡದೊಂದು ಜಾಗವಿದೆ. ಕೆಲಸ ತಾನಾಗಿ ತಪ್ಪು ಹೇಳುವುದಿಲ್ಲ, ಆದರೆ ಗೊತ್ತಿರುವ ಮನುಷ್ಯರು ಹೇಳಬಲ್ಲರು. ಸೋಶಿಯಲ್ ಮೀಡಿಯಾದ ನಿಜವಾದ ಬೆಲೆ ಇರುವುದು ಇಲ್ಲಿ ಎಂದು ನಾನು ನಂಬಿದ್ದೇನೆ. ವಿಡಿಯೊಗಳ ರಾಶಿಗಿಂತ, ನಮ್ಮನ್ನು ತಿದ್ದುವ ಅಪರಿಚಿತರು ಸಿಗುವುದು ದೊಡ್ಡ ಭಾಗ್ಯ.

ಹಿತ್ತಲಿಗೆ ಬಂದ ಹಕ್ಕಿ ಯಾವುದು ಎಂದು ಹಕ್ಕಿ ಬಂದು ಹೇಳುವುದಿಲ್ಲ. ಐನ್ಯಾಚುರಲಿಸ್ಟ್ ಎಂಬ ತಾಣ 2008ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾಯಿತು. ನೀವು ಫೋಟೊ, ಜಾಗ, ದಿನಾಂಕ ಹಾಕಿ ಇದು ಇಂಥ ಹಕ್ಕಿ ಇರಬೇಕು ಎಂದು ಊಹೆ ಬರೆಯುತ್ತೀರಿ. ಬೇರೆಯವರು ಒಪ್ಪುತ್ತಾರೆ ಅಥವಾ ತಿದ್ದುತ್ತಾರೆ. ಹೆಸರು ಹೇಳಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಜನ ಒಂದೇ ಜಾತಿಯ ಹೆಸರಿಗೆ ಬಂದಾಗ ಮಾತ್ರ ಆ ದಾಖಲೆ ಸಂಶೋಧನೆಗೆ ತಕ್ಕದ್ದು ಎಂಬ ದರ್ಜೆ ಪಡೆಯುತ್ತದೆ. ಮೊದಲು ನೀವೇ ಊಹಿಸಿ, ಆಮೇಲೆ ತಿದ್ದಿಸಿಕೊಳ್ಳುವುದರಿಂದ ಹೆಸರು ತಲೆಯಲ್ಲಿ ಕೂರುತ್ತದೆ.

ಇದೇ ಮಾತನ್ನು ಬೇಸಾಯದಲ್ಲಿ ತೋರಿಸಿಕೊಟ್ಟ ಒಂದು ಪ್ರಯೋಗ ನಮ್ಮಲ್ಲೇ ಹುಟ್ಟಿದ್ದು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು ಡಿಜಿಟಲ್ ಗ್ರೀನ್ ಶುರು ಮಾಡಿದರು. ಗ್ರೀನ್ ಫೌಂಡೇಶನ್ ಎಂಬ ಸಂಸ್ಥೆಯ ಜೊತೆ ಕರ್ನಾಟಕದ ಹಳ್ಳಿಗಳಲ್ಲಿ ಕೆಲಸ. ಊರಿನ ರೈತರೇ ತಮ್ಮ ಹೊಲದಲ್ಲಿ ಮಾಡಿದ್ದನ್ನು ವಿಡಿಯೊ ಮಾಡಿ, ಸಂಜೆ ಉಳಿದ ರೈತರಿಗೆ ತೋರಿಸುವುದು. ನೋಡುವವರು ಮೊದಲು ಕೇಳುತ್ತಿದ್ದುದು 'ಇವರು ಯಾರು, ಯಾವ ಊರು' ಎಂದು. ತಮ್ಮಂತೆಯೇ ಮಾತಾಡುವ, ತಮ್ಮಂಥದೇ ಮಣ್ಣಿನಲ್ಲಿ ದುಡಿಯುವ ರೈತ ಎಂದು ಗೊತ್ತಾದರೆ ಕಿವಿಗೊಡುತ್ತಿದ್ದರು. ಇನ್ನೊಂದು ಮುಖ್ಯ ಅಂಶ, ವಿಡಿಯೊ ಸುಮ್ನೆ ಹಾಕಿ ಬಿಡುತ್ತಿರಲಿಲ್ಲ. ಊರಿನವರೇ ಒಬ್ಬರು ಪಕ್ಕದಲ್ಲಿ ನಿಂತು, ನಡುನಡುವೆ ನಿಲ್ಲಿಸಿ, 'ಇದು ನಮ್ಮ ಹೊಲಕ್ಕೆ ಆಗುತ್ತಾ' ಎಂದು ಕೇಳುತ್ತಿದ್ದರು. ಆಮೇಲೆ ಹೊಲಕ್ಕೆ ಹೋಗಿ ವಿಚಾರಿಸುತ್ತಿದ್ದರು. ಆ ಒಬ್ಬ ಮನುಷ್ಯ ಇಲ್ಲದಿದ್ದರೆ ಅದು ಇನ್ನೊಂದು ಟಿ.ವಿ. ಕಾರ್ಯಕ್ರಮವಾಗಿ ಮುಗಿಯುತ್ತಿತ್ತು.

ಕರಾವಳಿ ಮಲೆನಾಡಿನವರಿಗೆ ಇದು ಹೊಸದೇನಲ್ಲ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ಅಡಿಕೆ ಪತ್ರಿಕೆ 'ರೈತರ ಕೈಗೆ ಲೇಖನಿ' ಎಂದು ಹೇಳಿಕೊಂಡೇ ಬಂದದ್ದು. ಮಾಡಿದವರೇ ಬರೆಯಬೇಕು, ಬೇರೆ ರೈತರು ಅದನ್ನು ಪ್ರಶ್ನಿಸಬೇಕು ಎಂಬ ಪದ್ಧತಿ. ಅದೇ ಪತ್ರಿಕೆ ಮತ್ತು ಅದರ ಸಂಪಾದಕ ಶ್ರೀಪಡ್ರೆ 2021ರಲ್ಲಿ ಬಾಕಾಹು, ಅಂದರೆ ಬಾಳೆಕಾಯಿ ಹುಡಿಯ ವಿಷಯ ಎತ್ತಿಕೊಂಡರು. ಆಗ ಬಾಳೆಗೆ ಬೆಲೆ ಬಿದ್ದಿತ್ತು. ಕಾಯಿಯನ್ನು ತೆಳ್ಳಗೆ ಹೆಚ್ಚಿ, ಒಣಗಿಸಿ, ಹುಡಿ ಮಾಡಿ ಇಟ್ಟುಕೊಂಡರೆ ರೊಟ್ಟಿ, ದೋಸೆಗೆ ಆಗುತ್ತದೆ ಎಂಬ ವಿಚಾರ ವಾಟ್ಸ್ಆ್ಯಪ್ ಹಿಡಿದು ಮನೆಯಿಂದ ಮನೆಗೆ ಹಬ್ಬಿತು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಹೆಂಗಸರು ಮಾಡಿಯೇಬಿಟ್ಟರು. ಇಂಥ ಕೆಲಸದಲ್ಲಿ ತೊಡಕುಗಳು ಸಣ್ಣವು, ಆದರೆ ಕೈಬಿಡಿಸುವಂಥವು. ಹೆಚ್ಚಿದ ಹೋಳು ಕಪ್ಪಾಗುತ್ತದೆ. ಸರಿಯಾಗಿ ಒಣಗದಿದ್ದರೆ ಬೂಸ್ಟು ಬರುತ್ತದೆ. ಹೋಳು ಮುರಿದಾಗ ಚಟ್ ಅನ್ನಬೇಕು, ಬಾಗಿದರೆ ಇನ್ನೂ ಬಿಸಿಲು ಬೇಕು. ಇದನ್ನು ಹೇಳಲು ನಿನ್ನೆ ತಾನೇ ಮಾಡಿ ನೋಡಿದ ಇನ್ನೊಬ್ಬರು ಬೇಕು. ದೊಡ್ಡ ತಜ್ಞರಿಗಿಂತ ಒಂದು ಹೆಜ್ಜೆ ಮುಂದಿರುವ ಜೊತೆಗಾರರು ಕಲಿಯುವವರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಹೀಗೆ. ಎಲ್ಲಿ ಎಡವುತ್ತೇವೆ ಎಂಬುದು ಅವರಿಗೆ ಇನ್ನೂ ಮರೆತಿರುವುದಿಲ್ಲ.

ಆದರೆ ಆ್ಯಪ್‌ಗಳನ್ನು ಕಟ್ಟಿರುವುದು ನಮ್ಮನ್ನು ತಿದ್ದಲು ಅಲ್ಲ, ಕೂರಿಸಿಕೊಳ್ಳಲು. ಯೂಟ್ಯೂಬ್ 2012ರಿಂದ ಎಷ್ಟು ಜನ ಕ್ಲಿಕ್ ಮಾಡಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ಹೆಚ್ಚು ತೂಕ ಕೊಟ್ಟಿತು. ಜನ ನೋಡುವ ಹೊತ್ತಿನಲ್ಲಿ ಶೇ 70ಕ್ಕೂ ಹೆಚ್ಚು ತಾನೇ ಸೂಚಿಸಿದ ವಿಡಿಯೊಗಳಿಂದ ಬರುತ್ತದೆ ಎಂದು ಕಂಪನಿಯೇ 2018ರಲ್ಲಿ ಹೇಳಿತ್ತು. ಅಂದರೆ ಮುಂದೆ ಏನು ಕಲಿಯಬೇಕು ಎಂಬುದನ್ನು ಬಹುಪಾಲು ನಾವು ತೀರ್ಮಾನಿಸುತ್ತಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ, ಟಿಕ್‌ಟಾಕ್ ನಿಷೇಧವಾದ ಬೆನ್ನಿಗೆ, ಶಾರ್ಟ್ಸ್ ಮೊದಲು ಬಂದಿದ್ದು ಭಾರತಕ್ಕೆ. ಅಷ್ಟು ಚಿಕ್ಕ ವಿಡಿಯೊದಲ್ಲಿ ಗೆದ್ದ ದೃಶ್ಯ ತೋರಿಸಬಹುದು, ಸೋತು ತಿದ್ದಿಕೊಂಡದ್ದನ್ನು ತೋರಿಸಲು ಜಾಗವಿಲ್ಲ. 2021ರ ನವೆಂಬರ್‌ನಲ್ಲಿ ಡಿಸ್‌ಲೈಕ್ ಎಣಿಕೆಯನ್ನೂ ಮರೆಮಾಡಿದರು. ವಿಡಿಯೊ ಹಾಕುವವರಿಗೆ ಕಿರುಕುಳ ತಪ್ಪಿಸಲು ಎಂಬುದು ಕಾರಣ. ಕಲಿಯುವವರಿಗೆ ಮಾತ್ರ ನಷ್ಟವಾಯಿತು. 'ಈ ವಿಧಾನ ಕೆಲಸ ಮಾಡಲ್ಲ' ಎಂದು ಒಂದೇ ನೋಟಕ್ಕೆ ತಿಳಿಸುತ್ತಿದ್ದ ಗುರುತು ಹೋಯಿತು.

ಇದರ ನಡುವೆಯೂ ಗಂಭೀರವಾಗಿ ಕಲಿಯಲು ಬೇಕಾದ್ದು ಅಲ್ಲೇ ಇದೆ. ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್ ಪಾಠಗಳು ಯೂಟ್ಯೂಬಿನಲ್ಲಿ ಉಚಿತ. ಪೂರ್ತಿ ಕೋರ್ಸ್, ಕ್ರಮವಾಗಿ, ಒಂದಾದ ಮೇಲೊಂದು. ಖಾನ್ ಅಕಾಡೆಮಿಯ ಗಣಿತದ ಪಾಠಗಳು ಕನ್ನಡದಲ್ಲೂ ಇವೆ. ಇಂಥವು ತಾವಾಗಿ ನಿಮ್ಮ ಮುಂದೆ ಬಂದು ನಿಲ್ಲುವುದು ಕಡಿಮೆ. ಹೆಸರು ಹಾಕಿ ಹುಡುಕಬೇಕು, ಪ್ಲೇಲಿಸ್ಟ್ ಹಿಡಿದು ನೋಡಬೇಕು, ಆಟೊಪ್ಲೇ ಆಫ್ ಮಾಡಬೇಕು.

ಕನ್ನಡದಲ್ಲಿ ಕಲಿಯುವವರಿಗೆ ಒಂದು ನಿಜವಾದ ಕೊರತೆಯಿದೆ. ಶುರುವಿನ ಪಾಠಗಳು ಬೇಕಾದಷ್ಟಿವೆ, ಎರಡನೇ ಹಂತದ್ದು ಕಡಿಮೆ. ಸ್ಪ್ರೆಡ್‌ಶೀಟ್‌ನಲ್ಲಿ ಕೂಡುವುದು ಹೇಗೆ ಎಂಬುದಕ್ಕೆ ವಿಡಿಯೊಗಳ ಸಾಲೇ ಸಿಗುತ್ತದೆ. ಒಂದು ಸಣ್ಣ ಅಂಗಡಿಯ ಲೆಕ್ಕವನ್ನು ಪೂರ್ತಿ ಕಟ್ಟುವುದು ಹೇಗೆ ಎಂದು ಹುಡುಕಿದರೆ ಇಂಗ್ಲಿಷಿಗೋ ಹಿಂದಿಗೋ ಹೋಗಬೇಕು. ಇದು ನನಗೆ ತುಂಬಾ ನೋವು ಕೊಡುವ ಸಂಗತಿ. ಕಲಿಯುವ ಹುಮ್ಮಸ್ಸಿರುವ ಎಷ್ಟೋ ಜನ ಬರೀ ಭಾಷೆಯ ಕಾರಣಕ್ಕೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಾರೆ. ಈ ಹಂತದಲ್ಲಿ ವಿಡಿಯೊಗಿಂತ ಗುಂಪು ಹೆಚ್ಚು ಕೈಹಿಡಿಯುತ್ತದೆ. ಇಂಗ್ಲಿಷಿನಲ್ಲಿ ನೋಡಿ ಅರ್ಥ ಮಾಡಿಕೊಂಡವರು ಕನ್ನಡದ ಗುಂಪಿನಲ್ಲಿ ಎರಡು ಸಾಲು ವಿವರಿಸಿದರೂ ಇನ್ನೊಬ್ಬರ ದಾರಿ ತೆರೆಯುತ್ತದೆ. ವಿವರಿಸುವಾಗ ತಮಗೇ ಎಲ್ಲಿ ಅರ್ಥವಾಗಿಲ್ಲ ಎಂಬುದೂ ಗೊತ್ತಾಗುತ್ತದೆ.

ಗುಂಪಿನಲ್ಲಿ ಕೇಳುವುದಕ್ಕೂ ಒಂದು ಕ್ರಮವಿದೆ. 'ನನ್ನ ಅಡಿಕೆ ಗಿಡ ಹಾಳಾಗ್ತಿದೆ, ಏನು ಮಾಡಲಿ' ಎಂದು ಬರೆದರೆ ಹತ್ತು ಜನ ಹತ್ತು ಔಷಧಿಯ ಹೆಸರು ಹೇಳುತ್ತಾರೆ. ಯಾವುದನ್ನೂ ನಂಬುವ ಹಾಗಿಲ್ಲ. ಅದರ ಬದಲು ಹೀಗೆ ಬರೆಯಿರಿ: 'ಸಾಗರ ಕಡೆಯ ತೋಟ, ಏಳು ವರ್ಷದ ಗಿಡ. ಹದಿನೈದು ದಿನದಿಂದ ಕೆಳಗಿನ ಸೋಗೆಯಲ್ಲಿ ಕಂದು ಚುಕ್ಕಿ, ಸುತ್ತ ಹಳದಿ. ಎಲೆಯ ಮೇಲ್ಭಾಗ, ಕೆಳಭಾಗ, ಇಡೀ ಗಿಡ ಮೂರರ ಫೋಟೊ ಹಾಕಿದ್ದೇನೆ. ಕಳೆದ ತಿಂಗಳು ಬೋರ್ಡೋ ಹೊಡೆದಿದ್ದೇನೆ. ಇದು ಎಲೆಚುಕ್ಕಿ ಎಂದು ನನ್ನ ಊಹೆ. ಸರಿಯೇ? ಅಲ್ಲದಿದ್ದರೆ ಯಾವ ಗುರುತಿನಿಂದ ಗೊತ್ತಾಯಿತು ಎಂದು ದಯವಿಟ್ಟು ಹೇಳಿ.' ಈ ಕೊನೆಯ ವಾಕ್ಯವನ್ನು ಬಿಡಬೇಡಿ. ಬರೀ ಔಷಧಿಯ ಹೆಸರು ಹೇಳುವವರಿಗೆ ಅದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಗೊತ್ತಿರುವವರು ಗುರುತು ಹೇಳುತ್ತಾರೆ, ಮುಂದಿನ ಸಲ ಆ ಗುರುತನ್ನು ನೀವೇ ಹಿಡಿಯುತ್ತೀರಿ.